ಎಲ್ಲಾ ಎಂಸಿಬಿ ಇಳಿಸಿದರೂ ಮಳೆ ಬಂದಾಗ ಆರ್‌ಸಿಸಿಬಿ ಟ್ರಿಪ್ ಆಗುವುದೇಕೆ?

ತೀರ್ಥಹಳ್ಳಿ ಕಡೆ ಹಂಚಿನ ಮನೆ, ಮಳೆ ಹಿಡಿದರೆ ಸಂಜೆ ಹೊತ್ತು ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ ಸ್ವಿಚ್) ಬೀಳುತ್ತದೆ, ಎಂಸಿಬಿ (ಒಂದೊಂದು ಲೈನಿಗೂ ಇರುವ ಸ್ವಿಚ್) ಎಲ್ಲ ಇಳಿಸಿದರೂ ನಿಲ್ಲುವುದಿಲ್ಲ, ಅದನ್ನು ತೆಗೆದು ನೇರ ಕನೆಕ್ಷನ್ ಕೊಡುತ್ತೇನೆ ಅಂತ ಎಲೆಕ್ಟ್ರಿಷಿಯನ್ ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ತೆಗೆಸಬೇಡಿ. ಕೊಟ್ಟಿಗೆಗೂ ಬಚ್ಚಲಿಗೂ ಅದೇ ಲೈನ್ ಹೋಗಿದೆ ಅಂತೀರಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತ ಮನುಷ್ಯನಿಗೂ ದನಕ್ಕೂ ಇರುವ ಕಾವಲು ಅದೊಂದೇ.

ಫೇಸ್‌ನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಆರ್‌ಸಿಸಿಬಿ ನೋಡುತ್ತಿರುತ್ತದೆ. ಮನೆಗೆ ಹಾಕುವುದು ಸಾಮಾನ್ಯವಾಗಿ 30 ಮಿಲಿ ಆಂಪಿಯರ್‌ನದು. ವ್ಯತ್ಯಾಸ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು, 30ಕ್ಕೆ ಬೀಳಲೇಬೇಕು.

ಈಗ ನಿಮ್ಮ ಪ್ರಶ್ನೆ. ಮನೆಗಳಲ್ಲಿರುವ ಸಿಂಗಲ್ ಪೋಲ್ ಎಂಸಿಬಿ ಇಳಿಸಿದರೆ ಕಟ್ ಆಗುವುದು ಫೇಸ್ ಮಾತ್ರ. ನ್ಯೂಟ್ರಲ್ ಹಾಗೇ ಇರುತ್ತದೆ. ಆ ನ್ಯೂಟ್ರಲ್ ಎಲ್ಲೋ ಒಂದು ಕಡೆ ಮಳೆನೀರು ಸೇರಿ ಅರ್ಥ್ ವೈರಿಗೆ ತಗುಲಿದ್ದರೆ ಸಾಕು. ಊರಿನ ಲೈನ್‌ನಲ್ಲಿ ಲೋಡ್ ಜಾಸ್ತಿಯಾದಾಗ ನ್ಯೂಟ್ರಲ್‌ಗೂ ನೆಲಕ್ಕೂ ನಡುವೆ ಕೆಲವು ವೋಲ್ಟ್ ಏರುತ್ತದೆ, ಅಷ್ಟರಿಂದಲೇ ಟ್ರಿಪ್ ಆಗುತ್ತದೆ. ಸಂಜೆಯೇ ಬೀಳುವುದಕ್ಕೆ ನನಗೆ ಕಾಣುವ ಕಾರಣ ಇದು.

ಆರ್‌ಸಿಸಿಬಿಯೇ ಕೆಟ್ಟಿದೆಯಾ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ. ಮೇನ್ ಆಫ್ ಮಾಡಿಸಿ, ಮನೆಯೊಳಗೆ ಹೋಗುವ ಎರಡೂ ವೈರ್ ಅದರಿಂದ ಬಿಚ್ಚಿಸಿ, ಮತ್ತೆ ಆನ್ ಮಾಡಿಸಿ. ಆಗಲೂ ಬಿದ್ದರೆ ಹೊಸದು ಹಾಕಿ. ನಿಂತರೆ ತಪ್ಪು ವೈರಿಂಗ್‌ನಲ್ಲೋ ಸಾಮಾನಿನಲ್ಲೋ ಇದೆ. ಮೇನ್ ಆಫ್ ಮಾಡಿಸಿ ಆ ವೈರ್ ಮತ್ತೆ ಹಾಕಿಸಿ, ಎಲ್ಲ ಪ್ಲಗ್ ಕಿತ್ತು, ಆನ್ ಮಾಡಿಸಿ ನೋಡಿ. ಸ್ವಿಚ್ ಆರಿಸಿದರೆ ಸಾಲದು, ಅಲ್ಲೂ ನ್ಯೂಟ್ರಲ್ ಸೇರಿಕೊಂಡೇ ಇರುತ್ತದೆ. ಗೀಸರ್ ಕಾಯಿಲ್ ಸೀಳಿದ್ದರೆ, ಫ್ರಿಡ್ಜ್‌ನಲ್ಲಿ ಕರೆಂಟ್ ಲೀಕ್ ಇದ್ದರೆ ಇಲ್ಲೇ ಸಿಗುತ್ತದೆ. ಯುಪಿಎಸ್ ನ್ಯೂಟ್ರಲ್ ತಪ್ಪಾಗಿ ಸೇರಿದ್ದರೆ ಬೇಸಿಗೆಯಲ್ಲೂ ಬೀಳುತ್ತಿತ್ತು, ನಿಮ್ಮದು ಅದಲ್ಲ.

ಆಮೇಲೂ ಬಿದ್ದರೆ, ಮೇನ್ ಆಫ್ ಇದ್ದಾಗ ಡಿಬಿಯಲ್ಲಿ (ಎಂಸಿಬಿಗಳಿರುವ ಪೆಟ್ಟಿಗೆ) ಒಂದೊಂದೇ ಲೈನಿನ ನ್ಯೂಟ್ರಲ್ ಬಿಚ್ಚಿ, 500 ವೋಲ್ಟ್ ಮೆಗ್ಗರ್‌ನಿಂದ (ವೈರಿನ ಇನ್ಸುಲೇಶನ್ ಅಳೆಯುವ ಉಪಕರಣ) ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ನೋಡಬೇಕು. ಒಂದು ಮೆಗಾಓಮ್‌ಗಿಂತ ಕೆಳಗೆ ತೋರಿಸಿದ ಲೈನ್ ಹಿಡಿದು ಹೋಗಿ. ಇದು ನೀವು ಮಾಡುವ ಕೆಲಸವಲ್ಲ, ಮೆಗ್ಗರ್ ಇರುವವರನ್ನೇ ಕರೆಸಿ. ಅದೂ ಮಳೆ ಸುರಿಯುತ್ತಿರುವಾಗಲೇ. ಹೊಳವಾದ ದಿನ ಬಂದು ನೋಡಿದರೆ ಎಲ್ಲ ಸರಿಯಾಗೇ ತೋರಿಸುತ್ತದೆ.

ನಮ್ಮ ಕಡೆ ನನಗೆ ಜಾಸ್ತಿ ಸಿಕ್ಕಿರುವುದು ಹೊರಗಿನ ದೀಪಗಳಲ್ಲಿ. ಹೊಸನಗರದ ಹತ್ತಿರ ಒಂದು ಮನೆಯಲ್ಲಿ ಗೇಟ್ ಲೈಟಿನ ಜಂಕ್ಷನ್ ಬಾಕ್ಸ್ ಬಿಚ್ಚಿದೆ. ಮಾಡಿನಿಂದ ಇಳಿದ ವೈರಿಂಗ್ ಪೈಪೇ ನೀರನ್ನು ಒಳಗೆ ತಂದು ಸುರಿದಿತ್ತು. ಟೇಪ್ ಅಂಟು ಬಿಟ್ಟು ಜೋತಾಡುತ್ತಿತ್ತು. ಒಳಗೆ ತಾಮ್ರ ಹಸಿರುಗಟ್ಟಿ, ನ್ಯೂಟ್ರಲ್ಲೂ ಅರ್ಥೂ ಒಂದಕ್ಕೊಂದು ತಾಗಿಕೊಂಡಿದ್ದವು. ಫೇಸ್ ಒಣಗಿಯೇ ಇತ್ತು, ಹಾಗಾಗಿ ದೀಪ ಚೆನ್ನಾಗಿ ಉರಿಯುತ್ತಿತ್ತು. ಅಲ್ಲಿ ತಪ್ಪಿದೆ ಅಂತ ಯಾರಿಗೆ ಅನುಮಾನ ಬರಬೇಕು?

ನಿಮ್ಮಲ್ಲೂ ಗೇಟ್, ಕೊಟ್ಟಿಗೆ, ಬಾವಿ ಪಂಪಿನ ಲೈನ್‌ಗಳನ್ನೇ ಮೊದಲು ನೋಡಿಸಿ. ತಪ್ಪಿರುವ ಲೈನ್ ಗೊತ್ತಾದರೆ ಅದರ ಫೇಸ್, ನ್ಯೂಟ್ರಲ್ ಎರಡನ್ನೂ ಡಿಬಿಯಲ್ಲೇ ಬಿಚ್ಚಿ, ತುದಿಗೆ ಕನೆಕ್ಟರ್ ಹಾಕಿಸಿಡಿ. ಆ ಲೈನ್ ರಿಪೇರಿ ಆಗುವವರೆಗೆ ಉಳಿದ ಮನೆ ಆರ್‌ಸಿಸಿಬಿ ಕೆಳಗೇ ನಡೆಯುತ್ತದೆ.