ಹಿತ್ತಲ ಗ್ಯಾಸ್ ಭಟ್ಟಿಯ ಜೆಟ್ ಕೊರೆದು ದೊಡ್ಡದು ಮಾಡಬಹುದಾ?

ಜೆಟ್‌ಗೆ, ಅಂದರೆ ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿಗೆ, ಮಾತ್ರ ಡ್ರಿಲ್ ಹಾಕಬೇಡಿ. ಭಟ್ಟಿಯಲ್ಲಿ ಬದಲಾಯಿಸಬೇಕಾದದ್ದು ಬೇರೆ ಇದೆ.

ನಿಮ್ಮ ಪಾತೇಲಿ ಕುದಿಯಲು ತುಂಬಾ ಹೊತ್ತು ಹಿಡಿಯುತ್ತದೆ, ತಳಕ್ಕೆ ಮಸಿ ಕೂರುತ್ತದೆ ಅಂದಿದ್ದೀರಿ. ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ಪ್ರೊಪೇನ್ ಬರ್ನರ್‌ನ ಜೆಟ್ ಕೊರೆಯುವ ವಿಡಿಯೋ ನೋಡಿ ಈ ಪ್ರಶ್ನೆ ಕೇಳಿದ್ದೀರಿ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಿಯರ್ ಮಾಡುವಂತಿಲ್ಲ, ಆ ಮಾತು ಬಿಡೋಣ. ಆದರೆ ಅವರು ಒಂದು ಸಲಕ್ಕೆ ಸಾಮಾನ್ಯವಾಗಿ ಕುದಿಸುವುದು 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್. ಬೆಳಗಾವಿಯ ನಮ್ಮ ಮನೆಯಲ್ಲಿ ಕಾರ್ಯ ಇದ್ದರೆ ಹಿತ್ತಲಲ್ಲಿ ಕುಂದಾಕ್ಕೆ ಬತ್ತಿಸುವ ಹಾಲೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಅವರು ಮಾಡುವುದನ್ನು ನಾನೂ ಆಸೆಯಿಂದ ನೋಡಿದೆ, ಜೆಟ್ ಕೊರೆದೂ ನೋಡಿದೆ.

1 ಮಿಲಿಮೀಟರ್ ತೂತನ್ನು 1.2 ಮಾಡಿದೆ. ನೋಡಲು ಏನೂ ಅಲ್ಲ ಅನಿಸುತ್ತದೆ ಅಲ್ವಾ? ಆದರೆ ತೂತಿನ ವಿಸ್ತೀರ್ಣ 44% ಜಾಸ್ತಿಯಾಯಿತು. ಗ್ಯಾಸ್ ಹೆಚ್ಚಾಯಿತು, ಅದರ ಜೊತೆ ಬೆರೆಯುವ ಗಾಳಿ ಹೆಚ್ಚಾಗಲಿಲ್ಲ. ಉರಿ ಹಳದಿಯಾಯಿತು, ಕಡಾಯಿಯ ತಳ ಕಪ್ಪಾಯಿತು, ಹಾಲಿಗೆ ಹೊಗೆ ವಾಸನೆ ಹತ್ತಿತು. ಅಷ್ಟೂ ಹಾಲು ಚೆಲ್ಲಬೇಕಾಯಿತು. ಅಮ್ಮನ ಮುಖ ಇನ್ನೂ ನೆನಪಿದೆ.

ಇನ್ನೊಂದು ಕಾರಣವೂ ಇದೆ. ಅವರ ಸಿಲಿಂಡರ್‌ನಲ್ಲಿ ಇರುವುದು ಬಹುಪಾಲು ಪ್ರೊಪೇನ್. ನಮ್ಮ ಎಲ್‌ಪಿಜಿ ಪ್ರೊಪೇನ್ ಮತ್ತು ಬ್ಯೂಟೇನ್ ಬೆರಕೆ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಆವಿಯಾಗುತ್ತದೆ, ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ. ಎರಡರ ಒತ್ತಡ ಬೇರೆ, ಬೇಕಾಗುವ ಗಾಳಿ ಬೇರೆ. ಅವರ ಜೆಟ್ ಅಳತೆ ನಮಗೆ ಹೊಂದುವುದಿಲ್ಲ.

ಈಗ ನಿಮ್ಮ ಮಸಿಯ ವಿಷಯ. ಮೊದಲು ಬರ್ನರ್ ಕೊಳವೆಯ ಬುಡದಲ್ಲಿ ಗಾಳಿ ಒಳಗೆ ಹೋಗುವ ಕಿಂಡಿ ನೋಡಿ. ಅಲ್ಲಿ ಜೇಡರ ಬಲೆ, ಉಕ್ಕಿ ಬಿದ್ದ ಹಾಲು, ಧೂಳು ಇರುತ್ತದೆ. ತೆಗೆಯಿರಿ. ಕಿಂಡಿಗೆ ತಿರುಗುವ ತಗಡು ಇದ್ದರೆ ನಿಧಾನಕ್ಕೆ ತೆರೆಯಿರಿ. ಹಳದಿ ಹೋಗಿ ನೀಲಿ ಬರುತ್ತದೆ. ಉರಿ ಬರ್ನರ್ ಬಿಟ್ಟು ಮೇಲೆ ಹಾರತೊಡಗಿದರೆ ಗಾಳಿ ಜಾಸ್ತಿಯಾಗಿದೆ, ಸ್ವಲ್ಪ ಮುಚ್ಚಿ. ಆಮೇಲೆ ಪಾತೇಲಿಯ ಎತ್ತರ. ಉರಿಯ ಒಳಗಿನ ಗಾಢ ನೀಲಿ ಮೊನೆ ತಳಕ್ಕೆ ತಾಗಬಾರದು. ತಣ್ಣನೆ ಲೋಹಕ್ಕೆ ತಾಗಿದರೆ ಗ್ಯಾಸ್ ಪೂರ್ತಿ ಉರಿಯುವುದಿಲ್ಲ, ಮಸಿ ಬರುತ್ತದೆ. ನನ್ನ ಸ್ಟ್ಯಾಂಡನ್ನು ಎರಡು ಇಂಚು ಎತ್ತರಿಸಿದ ಮೇಲೆ ತಳ ಉಜ್ಜುವ ಕೆಲಸವೇ ತಪ್ಪಿತು.

ಹೊತ್ತು ಹಿಡಿಯುವುದಕ್ಕೆ ದೊಡ್ಡ ಕಾರಣ ಗಾಳಿ. ಮಳೆಗಾಲದ ಬೆಳಗಾವಿ ಗಾಳಿ ಗೊತ್ತಲ್ಲ, ಉರಿಯನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ. ಉದ್ಯಮಬಾಗದ ಒಂದು ವರ್ಕ್‌ಶಾಪ್‌ನಲ್ಲಿ ಗಾಳಿ ತಡೆಯಲು ಉರಿಯ ಸುತ್ತ ಇಡುವ ತಗಡಿನ ಬಳೆ ಮಾಡಿಸಿಕೊಂಡೆ. ಕೆಳಗೆ ನಾಲ್ಕು ಬೆರಳು ಖಾಲಿ, ಒಂದು ಪಕ್ಕ ತೆರೆದಿದೆ. ಸಿಲಿಂಡರ್ ಅದರಿಂದ ದೂರ, ಹೊರಗೇ ಇರಬೇಕು.

ಅಮೆರಿಕದವರಿಂದ ಕಲಿತು ನಾನು ಇವತ್ತಿಗೂ ಬಳಸುವುದು ನೀಡಲ್ ವಾಲ್ವ್, ಅಂದರೆ ಗ್ಯಾಸನ್ನು ಚೂರುಚೂರೇ ಹೆಚ್ಚು ಕಡಿಮೆ ಮಾಡುವ ಸೂಜಿಮೊನೆಯ ವಾಲ್ವ್. ಕುಂದಾಕ್ಕೆ ಮೊದಲು ಜೋರು ಉರಿ ಬೇಕು. ಹಾಲು ಅರ್ಧ ಬತ್ತಿದ ಮೇಲೆ ಸಣ್ಣ ಉರಿ, ಕೈ ಬಿಡದೆ ತಿರುವುತ್ತಿರಬೇಕು. ಭಟ್ಟಿಯ ನಾಬ್ ಚೂರು ತಿರುಗಿಸಿದರೆ ಒಂದೋ ಉರಿ ದಡಕ್ಕನೆ ಏರುತ್ತದೆ, ಇಲ್ಲ ಆರಿಹೋಗುತ್ತದೆ. ರೆಗ್ಯುಲೇಟರ್ ಮತ್ತು ಬರ್ನರ್ ನಡುವೆ, ಬಿಸಿ ತಾಗದ ಜಾಗದಲ್ಲಿ, ಗ್ಯಾಸಿಗೆಂದೇ ಮಾಡಿದ ಹಿತ್ತಾಳೆ ನೀಡಲ್ ವಾಲ್ವ್ ಹಾಕಿಸಿದರೆ ಉರಿ ಕೂದಲೆಳೆಯಷ್ಟು ಇಳಿಯುತ್ತದೆ. ಜೋಡಣೆ ಗ್ಯಾಸ್ ಮೆಕ್ಯಾನಿಕ್ ಕೈಯಲ್ಲೇ ಆಗಲಿ. ಆಮೇಲೆ ಪ್ರತಿ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಬಂದರೆ ಭಟ್ಟಿ ಹೊತ್ತಿಸಲೇಬೇಡಿ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. ಚರಂಡಿ, ಸಂಪ್ ಪಕ್ಕ ಭಟ್ಟಿ ಇಡಬೇಡಿ, ಮಳೆ ಬಂತೆಂದು ಒಳಗೂ ಒಯ್ಯಬೇಡಿ. ಸಿಲಿಂಡರ್ ಮೈಮೇಲೆ ತಣ್ಣನೆ ನೀರಹನಿ ಕೂತು ಉರಿ ಇಳಿದರೆ, ಅದು ಗ್ಯಾಸ್ ವೇಗವಾಗಿ ಆವಿಯಾಗುತ್ತಿರುವುದರಿಂದ. ಸ್ವಲ್ಪ ಹೊತ್ತು ಬಂದ್ ಮಾಡಿ. ಸಿಲಿಂಡರಿಗೆ ಬೆಂಕಿ ತೋರಿಸಬೇಡಿ.

ನಿಮ್ಮದು ಮನೆಯ 14.2 ಕೆಜಿ ಸಿಲಿಂಡರಿನ ರೆಗ್ಯುಲೇಟರಾ, ಹೈ ಪ್ರೆಶರಿನದಾ ಅಂತ ಬರೆದಿಲ್ಲ. ಹೈ ಪ್ರೆಶರ್ ಭಟ್ಟಿಗೆ ಮನೆಯ ರೆಗ್ಯುಲೇಟರ್ ಹಾಕಿದ್ದರೆ ನಿಧಾನವಾಗುವುದಕ್ಕೆ ಅದೊಂದೇ ಸಾಕು. ರೆಗ್ಯುಲೇಟರ್ ಮತ್ತು ಭಟ್ಟಿ ಎರಡರ ಫೋಟೋ ಹಾಕಿ, ನೋಡಿ ಹೇಳುತ್ತೇನೆ.