ಗಾಡಿಯೊಳಗ ಮಲಗೋರ ಪ್ರಶ್ನೆಗಳು: ಎರಡನೇ ಬ್ಯಾಟರಿ, ಫ್ಯೂಸು, ಮತ್ತ ಯಾರೂ ಕೇಳದ ತೂಕದ ಲೆಕ್ಕ

ಜಿಮ್ನಿ, ಥಾರ್, ಹಳೇ ಜಿಪ್ಸಿ ಇದ್ದೋರು ಹಿಂದಿನ ಸೀಟು ಮಡಚಿ ಹಲಗಿ ಹೊಡದು, ಶನಿವಾರ ಸಂಜಿ ಸಂಡೂರು ಕಡೆ ಇಲ್ಲಾ ಆನೆಗೊಂದಿ ಕಡೆ ಹೋಗಿ ರಾತ್ರಿ ಉಳಿದು ಬರೋದು ನಮ್ಮ ಬಳ್ಳಾರಿ-ಕೊಪ್ಪಳದಾಗ ಈಗ ಜೋರಾಗೇತಿ. ಹೋಗ್ರಿ, ಒಳ್ಳೇದ. ನಾನು ಗಾಡಿ ವೈರಿಂಗ್ ಕೆಲಸದವ, ಹಾಸಿಗಿ ಎಷ್ಟು ದಪ್ಪ ಇರ್ಬೇಕು, ಪರದೆ ಎಲ್ಲಿ ತಗೋಬೇಕು ಅಂತ ನನ್ನ ಕೇಳಬ್ಯಾಡ್ರಿ, ಅದನ್ನ ನೀವ ನೋಡ್ಕೊಳ್ರಿ. ಆದ್ರ ಕರೆಂಟಿನ ವಿಷಯದಾಗ, ಫ್ಯೂಸು ಎಲ್ಲಿ ಹಾಕಿದ್ರೂ ನಡೀತೈತಿ ಅನ್ನೋ ಒಂದ ತಪ್ಪು ಮಾತು ಊರೂರು ತಿರುಗಾಡ್ಲಿಕ್ಕತ್ತೇತಿ, ಅದಕ್ಕ ಈ ಸಲ ಅದರ ಬಗ್ಗೇನ ಜಾಸ್ತಿ ಬರೀತೀನಿ.

ಸಿರುಗುಪ್ಪದಿಂದ: ಏಪ್ರಿಲ್‌ನಾಗ ರಾತ್ರಿನೂ ಶೆಕಿ. ಇಂಜಿನ್ ಚಾಲೂ ಇಟ್ಟು ಎಸಿ ಹಾಕ್ಕೊಂಡು ಮಲಗಬಹುದಾ? ಗ್ಲಾಸ್ ಒಂದು ಬೆರಳು ಇಳಿಸಿದ್ರ ಏನೂ ಆಗಂಗಿಲ್ಲ ಅಂತಾರ.

ಮಲಗಬ್ಯಾಡ್ರಿ. ಸೈಲೆನ್ಸರ್ ಹೊಗಿಯೊಳಗಿನ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನಿ ಇಲ್ಲ, ನಿದ್ದಿಯೊಳಗ ಇದ್ದೋನಿಗೆ ಎಚ್ಚರನೂ ಆಗಂಗಿಲ್ಲ. ನಿಂತ ಗಾಡಿಯಾಗ ಆ ಬೆರಳಗಲದ ಸಂದಿಯಿಂದನ ಹೊಗಿ ಒಳಗ ಬರಬಹುದು. ಎದುರುಬದುರು ಎರಡು ಕಿಟಕಿಗೆ ಸೊಳ್ಳಿ ಜಾಳಿಗಿ ಹಾಕಿ ಒಂದು ಫ್ಯಾನ್ ಇಡ್ರಿ, ಅದಕ್ಕೂ ತಡಿಲಾರದಷ್ಟು ಶೆಕಿ ಇದ್ರ ಆ ತಿಂಗಳು ಮನ್ಯಾಗ ಇರ್ರಿ. ಬಂದ್ ಗಾಡಿಯೊಳಗ ಗ್ಯಾಸ್ ಒಲಿ ಹಚ್ಚೋದು, ಚಳಿಗಾಲದಾಗ ಕೆಂಡದ ಬುಟ್ಟಿ ಇಟ್ಕೊಳ್ಳೋದು, ಇವಕ್ಕೂ ಇದ ಉತ್ತರ.

ಸಿಂಧನೂರಿನಿಂದ: ಜಿಮ್ನಿ ಐತಿ. 40 ಲೀಟರ್ ಫ್ರಿಜ್, ಒಂದು ಫ್ಯಾನ್, ಲೈಟು, ಎರಡು ಮೊಬೈಲ್ ನಡೀಬೇಕು. ಒಬ್ರು ಗಾಡಿ ಬ್ಯಾಟರಿನ ದೊಡ್ಡದು ಹಾಕ್ಸಿ ಇನ್ವರ್ಟರ್ ಹಚ್ಚಿದ್ರ ಸಾಕು ಅಂತಾರ, ಇನ್ನೊಬ್ರು ಲಿಥಿಯಂ ಬ್ಯಾಟರಿ ಹಾಕಿ ನೇರ ಆಲ್ಟರ್ನೇಟರ್‌ಗೆ (ಇಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸೋದು) ಕೊಡ್ತೀನಿ ಅಂತಾರ. ಯಾರ ಮಾತು ಕೇಳ್ಲಿ?

ಇಬ್ಬರ ಮಾತೂ ಬ್ಯಾಡ. ಮೊದಲು ಲೆಕ್ಕ ಹಾಕ್ರಿ, ಲೆಕ್ಕ ಹಾಕದ ಬ್ಯಾಟರಿ ಮಾರೋರ ಕಡೆ ಹೋಗಬ್ಯಾಡ್ರಿ. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಓಡುವಾಗ ಸುಮಾರು 4 ಆಂಪ್ ಎಳೀತೈತಿ. ನಮ್ಮ ಬ್ಯಾಸಗಿಯಾಗ ಅದು ಅರ್ಧಕ್ಕಿಂತ ಹೆಚ್ಚು ಹೊತ್ತು ಓಡ್ತಾನ ಇರ್ತೈತಿ, ಅಂದ್ರ ದಿನಕ್ಕ 50ರಿಂದ 60 ಆಂಪಿಯರ್-ಅವರ್ (ಎಎಚ್, ಒಂದು ಆಂಪ್ ಒಂದು ತಾಸು ಎಳದ್ರ ಒಂದು ಎಎಚ್). ಸಣ್ಣ ಫ್ಯಾನ್ ಒಂದು ಆಂಪಿನಂಗ ರಾತ್ರಿಯೆಲ್ಲ ತಿರುಗಿದ್ರ 9, ಲೈಟು ಮೊಬೈಲ್ ಕೂಡಿ 5. ಒಟ್ಟು 70ರ ಹತ್ರ. ಸಣ್ಣ ಪೆಟ್ರೋಲ್ ಗಾಡಿಯ ಬ್ಯಾಟರಿನ ಇರೋದು ಹೆಚ್ಚೂಕಮ್ಮಿ 35-45, ಅದೂ ಇಂಜಿನ್ ಎಬ್ಬಿಸಾಕ ಒಂದು ಕ್ಷಣ ಜೋರು ಕರೆಂಟ್ ಕೊಡ್ಲಿ ಅಂತ ಮಾಡಿದ್ದು, ರಾತ್ರಿಯೆಲ್ಲ ಕೊಡಾಕಲ್ಲ. ಅದನ್ನ ಪದೇ ಪದೇ ಅರ್ಧಕ್ಕಿಂತ ಕೆಳಗ ಇಳಿಸಿದ್ರ ಬಾಳಿಕಿ ಮುಗೀತು. ಮತ್ತ ಬೆಳಿಗ್ಗೆ ಸಂಡೂರು ಗುಡ್ಡದ ಮ್ಯಾಲ ಸೆಲ್ಫ್ ಹೊಡದ್ರ ಬರೀ ಟಕ್ ಟಕ್ ಅಂತೈತಿ, ಅಲ್ಲಿ ದಬ್ಬಾಕ ಯಾರ್ ಬರ್ತಾರ?

ಈಗ ನನ್ನ ಅಭಿಪ್ರಾಯ ಕೇಳ್ರಿ. ಒಂದು ರಾತ್ರಿಗೆ ಫ್ರಿಜ್ ಬ್ಯಾಡ. 70ರ ಲೆಕ್ಕದಾಗ ಫ್ರಿಜ್ ತಗದ್ರ ಉಳಿಯೋದು 15, ಅದಕ್ಕ 30 ಎಎಚ್‌ನ ಸಣ್ಣ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಸಾಕಾಗಿ ಮಿಗತೈತಿ, ಮನ್ಯಾಗ ಚಾರ್ಜ್ ಮಾಡ್ಕೊಂಡು ಹೋದ್ರಾತು, ಗಾಡಿ ವೈರಿಂಗ್ ಮುಟ್ಟೋದ ಬ್ಯಾಡ. ನೀರಿನ ಬಾಟ್ಲಿ ಹೆಪ್ಪುಗಟ್ಟಿಸಿ ಐಸ್ ಬಾಕ್ಸ್‌ನಾಗ ಇಟ್ರ ಮರುದಿನದ ತನಕ ಹಾಲು ಮೊಸರು ನಿಲ್ತಾವು. ನಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗೆ ಯಾವ ಫ್ರಿಜ್ ಬೇಕು? ಮೂರ್ನಾಲ್ಕು ದಿನ ಹೊರಗ ಇರೋರು, ಮನ್ಯಾಗ ಇನ್ಸುಲಿನ್ ತಗೊಳ್ಳೋರು ಇದ್ದೋರು, ನೀವು ಫ್ರಿಜ್ ಇಡ್ರಿ, ಅದು ಬ್ಯಾರೆ ಮಾತು.

ಫ್ರಿಜ್ ಬೇಕ ಬೇಕು ಅಂದ್ರ 100 ಎಎಚ್ ಎಲ್‌ಎಫ್‌ಪಿ, ಒಳಗ ಬಿಎಂಎಸ್ (ಬ್ಯಾಟರಿ ಕಾಯೋ ಸರ್ಕ್ಯೂಟು) ಇರೋದು, ಬಿಸಿ ಮಿತಿ ಮೀರಿದ್ರ ತಾನ ಕಟ್ ಆಗೋದು. ತೂಕ 12 ಕೆಜಿ ಆಸುಪಾಸು. ಅಷ್ಟ ಎಎಚ್‌ನ ಲೆಡ್ ಬ್ಯಾಟರಿ 28-30 ಕೆಜಿ ತೂಗತೈತಿ, ಅದರಾಗ ಅರ್ಧ ಮಾತ್ರ ಬಳಸಾಕ ಬರ್ತೈತಿ. ನೀರು ಹಾಕೋ ಲೆಡ್ ಬ್ಯಾಟರಿಯಂತೂ ಮಲಗೋ ಜಾಗದಾಗ ಇಡಂಗೇ ಇಲ್ಲ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡ್ತೈತಿ. ಹಳೇ ಇ-ಸ್ಕೂಟರ್ ಸೆಲ್ ಕಿತ್ತು ಟೇಪು ಸುತ್ತಿ ಅರ್ಧ ರೇಟಿಗೆ ಪ್ಯಾಕ್ ಮಾಡಿ ಕೊಡೋರು ಅದಾರಲ್ಲ, ಅವರ ಅಂಗಡಿ ಮೆಟ್ಲಾ ಹತ್ತಬ್ಯಾಡ್ರಿ. ಆ ಪ್ಯಾಕಿನ ಮ್ಯಾಲ ನಿಮ್ಮ ಮಕ್ಕಳು ಮಲಗ್ತಾರ ಅನ್ನೋದು ಅವರ ತಲ್ಯಾಗ ಇರಂಗಿಲ್ಲ.

ಇನ್ನು "ನೇರ ಆಲ್ಟರ್ನೇಟರ್‌ಗೆ ಕೊಡ್ತೀನಿ" ಅನ್ನೋರ ವಿಷಯ. ಖಾಲಿ ಆದ ಲಿಥಿಯಂ ಎಷ್ಟು ಕೊಟ್ರೂ ಎಳ್ಕೊಂಡುಬಿಡ್ತೈತಿ, ಆಲ್ಟರ್ನೇಟರ್ ಕಾದು ಸುಟ್ಟು ಹೋಗಬಹುದು. ಮ್ಯಾಲ ಎಷ್ಟೋ ಹೊಸ ಗಾಡಿಯಾಗ ಆಲ್ಟರ್ನೇಟರ್ ವೋಲ್ಟೇಜ್ ಗಾಡಿ ಕಂಪ್ಯೂಟರ್ (ಇಸಿಯು) ಕೈಯಾಗ ಇರ್ತೈತಿ, ಅದು ಇಳಿಸಿದಾಗ ಎರಡನೇ ಬ್ಯಾಟರಿ ತುಂಬೋದೂ ಇಲ್ಲ. ನಡುವ ಕರೆಂಟಿಗೆ ಮಿತಿ ಹಾಕಿ ವೋಲ್ಟೇಜ್ ಸರಿ ಮಾಡೋ ಡಿಸಿ-ಡಿಸಿ ಚಾರ್ಜರ್ ಬೇಕ ಬೇಕು. 20 ಆಂಪಿಂದು ಹಾಕಿದ್ರ ಒಂದೂವರೆ ತಾಸು ಓಡಿಸಿದಾಗ 30 ಎಎಚ್ ತುಂಬತೈತಿ, 30 ಆಂಪಿಂದು ಹಾಕಿದ್ರ 45. ಹಳೇ ಜಿಪ್ಸಿಗೆ ಸೀಲ್ಡ್ ಎಜಿಎಂ (ನೀರು ಹಾಕದ ಲೆಡ್) ಬ್ಯಾಟರಿ ಹಾಕೋರಿಗೆ ಮಾತ್ರ ವೋಲ್ಟೇಜ್ ನೋಡಿ ಜೋಡಿಸೋ ವಿಎಸ್‌ಆರ್ ರಿಲೇ ನಡೀತೈತಿ.

ಈಗ ಮುಖ್ಯ ಮಾತು, ಫ್ಯೂಸು. ಇದನ್ನ ಬರೀಬೇಕು ಅಂತನ ನಾನು ಕುಂತಿದ್ದು. ಹೊರಗ ಮಾಡ್ಸಿದ ವೈರಿಂಗ್ ಒಮ್ಮೆ ನೋಡ್ರಿ ಅಂತ ತಂದ ಗಾಡಿ ಬಾನೆಟ್ ಎತ್ತಿದ್ರ ಅದ ಕಥಿ. ಬ್ಯಾಟರಿ ಪ್ಲಸ್‌ನಿಂದ ಹೊರಟ ಕೆಂಪು ತಂತಿ, ಇಂಜಿನ್ನಿಗೂ ಸೀಟಿಗೂ ನಡುವಿನ ತಗಡಿನ (ಫೈರ್‌ವಾಲ್) ತೂತಿನ್ಯಾಗ ತಂತಿ ಕಾಯೋ ರಬ್ಬರ್ ಬಳಿ (ಗ್ರಾಮೆಟ್) ಇಲ್ಲ, ತಗಡಿನ ಅಂಚಿಗೆ ತಂತಿ ತಿಕ್ಕಿ ತಿಕ್ಕಿ ಮ್ಯಾಲಿನ ಪ್ಲಾಸ್ಟಿಕ್ ಸವದು ಒಳಗಿನ ತಾಮ್ರ ಮಿಂಚ್ತಿರ್ತೈತಿ. ಫ್ಯೂಸ್ ಎಲ್ಲಿ ಅಂದ್ರ ಹಿಂದ, ಫ್ರಿಜ್ಜಿನ ಹತ್ರ. "ಫ್ಯೂಸ್ ಹಾಕೀನಲ್ರಿ" ಅಂತಾನ ಮಾಡಿದವ. ಆ ತಾಮ್ರ ತಗಡಿಗೆ ಮುಟ್ಟಿದ್ರ, ಬಾಡಿಯೆಲ್ಲ ನೆಗೆಟಿವ್, ಬ್ಯಾಟರಿಯ ನೂರಾರು ಆಂಪ್ ಅಲ್ಲೇ ಹರದು ಹೋಗ್ತೈತಿ, ಹಿಂದಿನ ಫ್ಯೂಸಿನ ತನಕ ಆ ಕರೆಂಟು ಹೋಗೋದ ಇಲ್ಲ, ಅದು ಹಾರೋದೂ ಇಲ್ಲ. ತಂತಿ ಕೆಂಪಗ ಕಾಯ್ತೈತಿ, ಸುತ್ತ ಇರೋ ಕಾರ್ಪೆಟ್ಟು ಫೋಮು ಹತ್ಕೋತಾವು. ಫ್ಯೂಸ್ ಇರೋದು ಫ್ರಿಜ್ ಕಾಯಾಕಲ್ರಿ, ತಂತಿ ಕಾಯಾಕ. ಅದಕ್ಕ ಅದು ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗ ಇರಬೇಕು. ಮತ್ತ ಎರಡು ಬ್ಯಾಟರಿ ಇದ್ದಾಗ ಕರೆಂಟು ಎರಡೂ ಕಡೆಯಿಂದ ಬರ್ತೈತಿ, ಹಂಗಾಗಿ ಎರಡೂ ತುದಿಗೆ ಒಂದೊಂದು ಫ್ಯೂಸು. 30 ಆಂಪ್ ಚಾರ್ಜರ್‌ಗೆ 40 ಇಲ್ಲಾ 50 ಆಂಪಿಂದು, ಚಾರ್ಜರ್ ಪುಸ್ತಕದಾಗ ಏನ್ ಬರದೈತಿ ಅದು. ಫ್ಯೂಸು ಹಾರ್ತೈತಿ ಅಂತ ದೊಡ್ಡದು ಹಾಕೋರು, ತಂತಿ ಸುತ್ತೋರು, ಅಂಥೋರ ಕೈಯಾಗ ಗಾಡಿ ಕೊಡಬ್ಯಾಡ್ರಿ.

ತಂತಿ ದಪ್ಪನೂ ನೋಡ್ರಿ. ಬಾನೆಟ್‌ನಿಂದ ಹಿಂದಿನ ತನಕ 4 ಮೀಟರ್ ಅಂತ ಇಟ್ಕೊಳ್ರಿ, ಹೋಗಿ ಬರೋದು ಕೂಡಿ 8. 4 ಸ್ಕ್ವೇರ್ ಎಂಎಂ ತಂತಿಯಾಗ 30 ಆಂಪ್ ಹರಿದ್ರ ದಾರಿಯಾಗ ಒಂದು ವೋಲ್ಟ್ ಹೋಗ್ತೈತಿ, 10 ಸ್ಕ್ವೇರ್ ಎಂಎಂ ಹಾಕಿದ್ರ 0.4. ಹಂಗಾಗಿ 10ಕ್ಕಿಂತ ಕಡಿಮಿ ಬ್ಯಾಡ, 16 ಆದ್ರ ಇನ್ನೂ ಚಲೋ. ಗೋಡಿಯೊಳಗ ಎಳಿಯೋ ಗಟ್ಟಿ ಒಂಟಿ ತಂತಿ ಹಾಕಬ್ಯಾಡ್ರಿ, ಕುಲುಕಾಟಕ್ಕ ಮುರೀತೈತಿ, ಸಣ್ಣ ಎಳಿ ಭಾಳ ಇರೋ ಆಟೋ ಕೇಬಲ್ಲ ಬೇಕು. ತಂತಿ ತುದಿಯ ಲಗ್‌ಗಳನ್ನ ಕ್ರಿಂಪಿಂಗ್ ಟೂಲ್‌ನಿಂದ ಒತ್ತಬೇಕು, ಕಟಿಂಗ್ ಪ್ಲೇಯರ್‌ನಿಂದ ಜಜ್ಜೋದಲ್ಲ. ಕೆಲಸ ಮುಗಿದ ಮ್ಯಾಲ ಫುಲ್ ಲೋಡ್ ಹಾಕಿ 20 ನಿಮಿಷ ಬಿಟ್ಟು ಒಂದೊಂದು ಜಾಯಿಂಟು, ಫ್ಯೂಸ್ ಹೋಲ್ಡರ್ ಮುಟ್ಟಿ ನೋಡ್ರಿ. ಎಲ್ಲಿ ಕೈಗೆ ಜೋರು ಬಿಸಿ ಹತ್ತತೈತಿ, ಅಲ್ಲಿ ಸಡಿಲ ಐತಿ. ಮಾಡಿದವನ ಮುಂದ ನಿಂತು ಇದನ್ನ ಮಾಡ್ಸಿದ ಮ್ಯಾಲ ರೊಕ್ಕ ಕೊಡ್ರಿ.

ಬ್ಯಾಟರಿ ಎಲ್ಲಿ ಇಡ್ಬೇಕು? ಬಾನೆಟ್ ಒಳಗಂತೂ ಬ್ಯಾಡ. ಬಳ್ಳಾರಿ ಬಿಸಿಲಾಗ ನಿಲ್ಲಿಸಿದ ಬಂದ್ ಗಾಡಿಯೊಳಗ 60 ಡಿಗ್ರಿ ಆಗೋದು ದೊಡ್ಡ ಮಾತಲ್ಲ, ಭಾಳಷ್ಟು ಎಲ್‌ಎಫ್‌ಪಿ ಬ್ಯಾಟರಿಗೆ ಚಾರ್ಜಿಂಗ್ ಮಿತಿ 45ರಿಂದ 55. ಅದಕ್ಕ ನೆಲಕ್ಕ ಹತ್ರ, ಬಿಸಿಲು ಬೀಳದ ಕಡೆ, ಬೋಲ್ಟ್ ಹಾಕಿ ಪಟ್ಟಿ ಬಿಗಿದು ಕೂಡಿಸ್ರಿ. ಗಾಡಿ ಪಲ್ಟಿ ಆದ್ರ 12 ಕೆಜಿ ಬ್ಯಾಟರಿ ನಿಮ್ಮ ತಲಿಗೆ ಬರಬಾರದು. ಇನ್ವರ್ಟರ್ ಬ್ಯಾಡ, ಫ್ರಿಜ್ ಫ್ಯಾನ್ ಎಲ್ಲ 12 ವೋಲ್ಟಿಂದ ಸಿಗ್ತಾವು, 220 ಮಾಡಿ ಮತ್ತ ಇಳಿಸೋದು ಸುಮ್ನ ನಷ್ಟ. ಇಂಡಕ್ಷನ್ ಒಲಿ ಇಡ್ತೀನಿ ಅನ್ನೋರಿಗೆ ಉತ್ತರ ಇಲ್ಲ.

ಗಂಗಾವತಿಯಿಂದ: ಬ್ಯಾಟರಿ ಬ್ಯಾಡ, 100 ವ್ಯಾಟ್ ಸೋಲಾರ್ ಒಂದ ಸಾಕಲ್ಲ?

ಚಲೋ ಬಿಸಿಲಿಗೆ ದಿನಕ್ಕ 30 ಎಎಚ್ ಸಿಗಬಹುದು, ಆದ್ರ ಫ್ಯಾನ್ ತಿರುಗೋದು ರಾತ್ರಿ. ಬ್ಯಾಟರಿ ಬೇಕ ಬೇಕು.

ಬಳ್ಳಾರಿಯಿಂದ: ಜಿಮ್ನಿಗೆ ಕ್ಯಾರಿಯರ್, ಮ್ಯಾಲ ರೂಫ್ ಟೆಂಟ್, ಒಳಗ ಪ್ಲೈವುಡ್ ಡ್ರಾಯರ್. ಸಸ್ಪೆನ್ಷನ್ ಯಾವುದು?

ಸಸ್ಪೆನ್ಷನ್ ಬಿಡ್ರಿ, ಮೊದಲು ತೂಕ. ಜಿಮ್ನಿ ಖಾಲಿ ತೂಕ ಸುಮಾರು 1,200 ಕೆಜಿ, ತುಂಬಿದ ಮ್ಯಾಲ ಮಿತಿ 1,545. ಉಳಿಯೋದು 340ರ ಹತ್ರ. ಇಬ್ಬರು ಮನುಷ್ಯರು 150, ಕ್ಯಾರಿಯರ್ 30, ಟೆಂಟ್ 50, ಡ್ರಾಯರ್ 45, ನೀರು 40, ಫ್ರಿಜ್ಜು ಬ್ಯಾಟರಿ 30, ಮುಗೀತು, ಇನ್ನೂ ಪಾತ್ರಿ-ಪಗಡಿ, ಹಾಸಿಗಿ ಹಾಕಿಲ್ಲ. ಕಿರಿದಾದ ಗಾಡಿ, ನೆತ್ತಿ ಮ್ಯಾಲ 80 ಕೆಜಿ ಹೊತ್ಕೊಂಡು ಗುಡ್ಡದ ಅಡ್ಡ ಇಳಿಜಾರಿಗೆ ಹೋದ್ರ ಉರುಳತೈತಿ. ಅದರ ಮುಂದಿನ ಸೀಟು ಹಿಂದಕ್ಕ ಚಪ್ಪಟಿ ಆಗ್ತಾವು, ಒಳಗ ಮಲಗ್ರಿ. ರೂಫ್ ಟೆಂಟ್ ನನಗ ಪಸಂದಿಲ್ಲ.

ಮಾನ್ವಿಯಿಂದ: ಜಿಪ್ಸಿ ಟಾಪ್ ಕೊಯ್ಸಿ ಎತ್ತರ ಮಾಡ್ಸಿದ್ರ ಆರ್‌ಟಿಓ ಏನಂತಾರ?

ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಓದ್ರಿ. ಕಂಪನಿ ಮಾಡಿದ್ದಕ್ಕಿಂತ ಬ್ಯಾರೆ ಆಗೋ ಹಂಗ ಬಾಡಿ ತಿದ್ದಂಗಿಲ್ಲ ಅಂತ ಸುಪ್ರೀಂ ಕೋರ್ಟೂ 2019ರಾಗ ಹೇಳೇತಿ, ಒಂದೊಂದು ಬದಲಾವಣಿಗೆ 5,000 ರೂಪಾಯಿ ದಂಡ ಇಲ್ಲಾ ಆರು ತಿಂಗಳ ತನಕ ಜೈಲು, ಎರಡೂ ಆಗಬಹುದು. ಬಿಚ್ಚಿ ತಗಿಯೋ ಹಂಗಿರೋ ಸಾಮಾನಷ್ಟ ಇಡ್ರಿ.

ಲಿಂಗಸಗೂರಿನಿಂದ: ಮಡ್ ಟೈರ್ ಹಾಕ್ಸಿದ್ರ ಮಳಿಗಾಲದಾಗ ಎರಿಹೊಲದ ದಾರಿ ನಡೀತೈತಾ?

ಇಲ್ಲ. ಹಸಿ ಎರಿಮಣ್ಣು ಟೈರಿನ ಸಂದಿಯೊಳಗ ತುಂಬಿಬಿಡ್ತೈತಿ, ಆಮ್ಯಾಲ ಫೋರ್ ವೀಲೂ ಅಷ್ಟ, ಟೂ ವೀಲೂ ಅಷ್ಟ.

ಕೊಪ್ಪಳದಿಂದ: ಹೊಳಿ ದಂಡಿ ಮ್ಯಾಲ, ಉಸುಕಿನ್ಯಾಗ ಗಾಡಿ ಹಾಕಿ ಮಲಗಿದ್ರ ತಂಪಿರ್ತೈತಿ. ಏನಾದ್ರೂ ತೊಂದ್ರೆ ಐತಾ?

ಐತಿ. 2024ರ ಆಗಸ್ಟ್ 10ರ ರಾತ್ರಿ ಟಿಬಿ (ತುಂಗಭದ್ರಾ) ಡ್ಯಾಮಿನ 19ನೇ ಗೇಟಿನ ಚೈನ್ ಕಟ್ಟಾಗಿ ಗೇಟ್ ಕೊಚ್ಕೊಂಡು ಹೋಗಿದ್ದು ಎಲ್ಲರಿಗೂ ಗೊತ್ತೈತಿ. ಗೇಟ್ ಮುರಿಯೋದ ಬ್ಯಾಡ, ಡ್ಯಾಮ್ ತುಂಬಿದಾಗ ಹೆಂಗಿದ್ರೂ ನೀರು ಬಿಡ್ತಾರ, ಕೃಷ್ಣಾ ಕಡೆ ನಾರಾಯಣಪುರದಿಂದಾನೂ ಹಂಗ. ಜೂನ್‌ನಿಂದ ನವೆಂಬರ್ ತನಕ ಉಸುಕಿನ್ಯಾಗ ಇಳಿಯೋದ ಬ್ಯಾಡ. ಬ್ಯಾರೆ ದಿನದಾಗೂ ದಂಡಿ ಮ್ಯಾಲಿನ ಎತ್ತರದ ಜಾಗ ನೋಡ್ರಿ, ಗುಡ್ಡದ ಬಂಡೆಗಲ್ಲಿನ ಸಂದಿ ಬಿಟ್ಟು ದೂರ ನಿಲ್ಲಿಸ್ರಿ, ಅಲ್ಲಿ ಕರಡಿ ಚಿರತಿ ಓಡಾಡ್ತಾವು. ಕತ್ತಲಾಗೋ ಮುಂಚೆ ಹತ್ತಿರದ ಊರಾಗ ಹೊಲದ ಮಾಲೀಕರನ್ನ ಕೇಳಿ ನಿಲ್ರಿ, ಅರಣ್ಯ ಇಲಾಖೆ ಜಾಗ ಆದ್ರ ಪರ್ಮಿಷನ್ ಇಲ್ಲದ ಒಳಗ ಹೋಗಬ್ಯಾಡ್ರಿ. ಗಾಡಿ ಮೂತಿ ಹೊರಗ ಹೋಗೋ ದಾರಿ ಕಡೆ ಇರ್ಲಿ, ಕೀ ಎಲ್ಲೈತಿ ಅನ್ನೋದು ಇಬ್ಬರಿಗೂ ಗೊತ್ತಿರ್ಲಿ.