ಮಗಳು ಹೋರಿ ಹತ್ತುತ್ತಾಳಂತೆ

ಪ್ರಶ್ನೆ: ನಾವು ಹಾವೇರಿ ಕಡೆಯವರು, ಟೆಕ್ಸಾಸ್‌ಗೆ ಬಂದು 22 ವರ್ಷವಾಯಿತು. ಕಾಲೇಜಿನಲ್ಲಿ ಓದುವ ಮಗಳಿಗೆ 20 ವರ್ಷ. ತೋಳೆಲ್ಲ ಕಂದಿದ್ದು ಕಂಡು ಕೇಳಿದರೆ ಮೆಟ್ಟಿಲಲ್ಲಿ ಜಾರಿದೆ ಅಂದಳು. ಆಮೇಲೆ ಅವಳ ಕಾರಿನ ಡಿಕ್ಕಿಯಲ್ಲಿ ಹೆಲ್ಮೆಟ್ಟು, ದಪ್ಪನೆಯ ಜಾಕೀಟು, ಒಂದೇ ಒಂದು ಕೈಗವಸು, ಗಂಟೆ ಕಟ್ಟಿದ ಹಗ್ಗ ಸಿಕ್ಕವು. ಬುಲ್ ರೈಡಿಂಗ್ ಕಲಿಯುತ್ತಿದ್ದಾಳಂತೆ! ಅವಳ ಅಪ್ಪ ಮಾತು ಬಿಟ್ಟಿದ್ದಾರೆ. ನನ್ನ ತಂದೆ ಹಬ್ಬಕ್ಕೆ ಹೋರಿ ಬಿಡುತ್ತಿದ್ದವರು, ಹೋರಿ ಸಿಟ್ಟಿಗೆದ್ದರೆ ಏನಾಗುತ್ತದೆಂದು ನಾನು ಕಂಡಿದ್ದೇನೆ. ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ? ಹೇಗೆ ಬಿಡಿಸಲಿ?

ಉತ್ತರ: ನಿಮ್ಮ ಎದೆ ಧಸಕ್ಕೆಂದಿದ್ದರೆ ತಪ್ಪೇನಿಲ್ಲ. 700–800 ಕಿಲೋ ತೂಗುವ ಹೋರಿಯ ಮೇಲೆ ಒಂದೇ ಕೈಯಲ್ಲಿ ಹಗ್ಗ ಹಿಡಿದು 8 ಸೆಕೆಂಡು ಕೂರಬೇಕು. ಇನ್ನೊಂದು ಕೈ ಹೋರಿಗೂ ತಾಗಕೂಡದು, ತನ್ನ ಮೈಗೂ ತಾಗಕೂಡದು. ಕೆಳಗಿಳಿದರೂ ಗಂಡಾಂತರ ಮುಗಿಯುವುದಿಲ್ಲ. 1989ರಲ್ಲಿ ವ್ಯೋಮಿಂಗ್‌ನ ಶೆಯೆನ್‌ನಲ್ಲಿ ವಿಶ್ವ ಚಾಂಪಿಯನ್ ಲೇನ್ ಫ್ರಾಸ್ಟ್ 8 ಸೆಕೆಂಡು ಪೂರೈಸಿ ಇಳಿದಿದ್ದರು. ಆಮೇಲೆ ಹೋರಿ ಗುಮ್ಮಿತು, ಪಕ್ಕೆಲುಬು ಮುರಿದು ತೀರಿಕೊಂಡರು. ಅವರ ಗೆಳೆಯ ಕೋಡಿ ಲ್ಯಾಂಬರ್ಟ್ ಆ ಸಾವಿನ ನಂತರ ರಕ್ಷಾ ಜಾಕೀಟು ಮಾಡಿದರು. ಡಿಕ್ಕಿಯಲ್ಲಿ ಸಿಕ್ಕಿದ್ದು ಅದೇ ಜಾತಿಯದು. ಮಗಳು ನಿಮ್ಮಿಂದ ಮುಚ್ಚಿಟ್ಟಿದ್ದು ತಪ್ಪು, ಆದರೆ ಜಾಕೀಟು, ಹೆಲ್ಮೆಟ್ಟು ಎರಡನ್ನೂ ಇಟ್ಟುಕೊಂಡಿದ್ದಾಳಲ್ಲ, ಹುಚ್ಚು ಧೈರ್ಯದವಳಲ್ಲ.

'ಹೆಣ್ಣುಮಕ್ಕಳಿಗೆ ಯಾಕೆ' ಅನ್ನುವುದು ಬೇರೆ ಮಾತು. 1929ರಲ್ಲಿ ಒರೆಗಾನ್‌ನ ಪೆಂಡಲ್ಟನ್‌ನಲ್ಲಿ ಬಾನಿ ಮೆಕ್‌ಕ್ಯಾರಲ್ ಎಂಬಾಕೆ ಪುಂಡ ಕುದುರೆಯಿಂದ ಬಿದ್ದು ಸತ್ತಾಗ, ಅಲ್ಲಿ ಹೆಂಗಸರ ಆ ಸವಾರಿ ಸ್ಪರ್ಧೆಯನ್ನೇ ಎತ್ತಿಹಾಕಿದರು. ಗಂಡಸು ಸತ್ತಾಗ ಜಾಕೀಟು ಬಂತು, ಹೆಂಗಸು ಸತ್ತಾಗ ಬಾಗಿಲು ಮುಚ್ಚಿತು! ನಿಮ್ಮ ಟೆಕ್ಸಾಸ್‌ನ ಸ್ಯಾನ್ ಆಂಜೆಲೊದಲ್ಲೇ 1948ರಲ್ಲಿ ಹೆಂಗಸರು ತಮ್ಮದೇ ರೋಡಿಯೋ (ಹೋರಿ, ಕುದುರೆ ಸವಾರಿಯಂಥ ಸ್ಪರ್ಧೆಗಳ) ಸಂಘ ಕಟ್ಟಿಕೊಂಡರು. ಮೊಂಟಾನಾದ ಜಾನಿ ಜಾನ್‌ಕೌಸ್ಕಿ 1986 ಮತ್ತು 1988ರಲ್ಲಿ ಹೋರಿ ಸವಾರಿಯ ಮಹಿಳಾ ವಿಶ್ವ ಚಾಂಪಿಯನ್. ಹಾಗಾಗಿ ನಿಮ್ಮ ಮಗಳು ಯಾರೂ ತುಳಿಯದ ದಾರಿಯನ್ನೇನೂ ಹಿಡಿದಿಲ್ಲ.

ಬಿಡಿಸುವುದು ನಿಮ್ಮ ಕೈಲಿಲ್ಲ. ಗದರಿಸಿದರೆ ಹಗ್ಗವನ್ನು ಗೆಳತಿಯ ರೂಮಿನಲ್ಲಿಡುತ್ತಾಳೆ, ಅಷ್ಟೇ. ನನಗೆ ಹೆಚ್ಚು ದಿಗಿಲಾಗಿರುವುದು ನಿಮ್ಮ ಯಜಮಾನರ ಮೌನ. ತಲೆಗೆ ಪೆಟ್ಟು ಬಿದ್ದ ದಿನ ಅವಳು ಮೊದಲು ಫೋನ್ ಮಾಡಬೇಕಾದದ್ದು ಮನೆಗೆ. 'ಅಪ್ಪ ಬಯ್ತಾರೆ' ಎಂದು ಸುಮ್ಮನಿದ್ದು, ಮರುವಾರ ಮತ್ತೆ ಹತ್ತಿದರೆ? ಇದನ್ನು ಅವರಿಗೆ ಹೀಗೆಯೇ ಓದಿ ಹೇಳಿ.

ಕಲಿಸುವವರು ಯಾರು, ಬಿದ್ದಾಗ ಹೋರಿಯನ್ನು ತಮ್ಮ ಕಡೆ ಸೆಳೆಯಲು ನುರಿತವರು ಇರುತ್ತಾರಾ, ಆಂಬುಲೆನ್ಸ್ ನಿಂತಿರುತ್ತದಾ, ಇನ್ಶೂರೆನ್ಸ್ ಇದಕ್ಕೆ ಅನ್ವಯಿಸುತ್ತದಾ ಎಂದೆಲ್ಲ ಕೇಳುವ ಹಕ್ಕು ನಿಮಗಿದೆ. ಅಮೆರಿಕದ ಆಸ್ಪತ್ರೆ ಬಿಲ್ಲೂ ಒಂಥರಾ ಹೋರಿಯೇ. ಸಾಧ್ಯವಾದರೆ ಒಮ್ಮೆ ಅವಳ ಜೊತೆ ಹೋಗಿ ನೋಡಿ ಬನ್ನಿ.

ಬೇಸರಿಸದಿದ್ದರೆ ಇನ್ನೊಂದು ಮಾತು. ನಿಮ್ಮ ತಂದೆ ಕೊಬ್ಬರಿ ಕಟ್ಟಿ ಹೋರಿ ಬಿಟ್ಟಾಗ ಆ ಕೊಬ್ಬರಿ ಹರಿಯಲು ನುಗ್ಗಿದವರೂ ಯಾರದೋ ಮನೆಯ ಮಕ್ಕಳೇ. ಹಬ್ಬದ ತನಕ ಆ ಹೋರಿಗೆ ಹಿಂಡಿ ಕಲಸಿಟ್ಟು ಮೈ ಉಜ್ಜಿದವರಲ್ಲಿ ನೀವೂ ಇದ್ದಿರಬೇಕಲ್ಲವೇ? ಅದರ ಕಿವಿ, ಕಣ್ಣು, ಕಾಲು ಕೆದರುವ ರೀತಿ ನೋಡಿಯೇ ಅದರ ಮನಸ್ಸು ತಿಳಿಯುತ್ತಿದ್ದಿರಬಹುದು. ಅದನ್ನು ಮಗಳಿಗೆ ಎಂದಾದರೂ ಹೇಳಿದ್ದೀರಾ? ಈ ಸಲ ಮನೆಗೆ ಬಂದಾಗ ಆ ಕೈಗವಸು ಎಡಗೈಯದೋ ಬಲಗೈಯದೋ ಎಂದು ಕೇಳಿ, ಮಾತು ಅಲ್ಲಿಂದ ಶುರುವಾಗಲಿ.